ಬಿಚ್ಚಿದ ಕೈ

ಚಹಾದ ಕಪ್ಪನ್ನು ರಘೋತ್ತಮ ಎಡಗೈಯಿಂದ ಎತ್ತಿಕೊಂಡರು.

ಇನ್‌ಸ್ಪೆಕ್ಟರ್ ಗಂಗಾ ಅದನ್ನು ಗಮನಿಸಿದಳು, ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ. ಸವದತ್ತಿ ಠಾಣೆಯ ಒಳಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಹಾಕುತ್ತಿತ್ತು. ಹೊರಗೆ ರಸ್ತೆಯಲ್ಲಿ ಟೆಂಪೋದವನೊಬ್ಬ "ಗುಡ್ಡ, ಗುಡ್ಡ, ಉಗರಗೋಳ" ಎಂದು ಒಂದೇ ಸಮ ಕೂಗುತ್ತಿದ್ದ. ಇಂಥ ಝಳದಲ್ಲೂ ಎದುರಿಗೆ ಕೂತ ಮನುಷ್ಯ ತುಂಬುತೋಳಿನ ಅಂಗಿ ತೊಟ್ಟು, ಮುಂಗೈಯ ಗುಂಡಿಯನ್ನೂ ಬಿಗಿಯಾಗಿ ಹಾಕಿಕೊಂಡಿದ್ದರು.

ಬೈಲಹೊಂಗಲದ ಜಿನ್ನಿಂಗ್ ಮಿಲ್ ಮಾಲೀಕ ಸುಭಾಸನ ಹೆಣ ಹೂಲಿ ಗುಡ್ಡದ ಕೊರಕಲಿನಲ್ಲಿ ಕುರಿ ಕಾಯುವವನೊಬ್ಬನ ಕಣ್ಣಿಗೆ ಬಿದ್ದು ಎರಡು ದಿನವಾಗಿತ್ತು. ರಘೋತ್ತಮ ಅವನ ಹಳೆಯ ಗೆಳೆಯ. ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿ ನಿವೃತ್ತರಾದವರು.

"ಬಲಗೈಗೆ ಏನಾಗೇತ್ರಿ ಸರ್?"

"ಭುಜ ಉಳುಕ್ಯಾದ." ಅವರು ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. "ಶನಿವಾರ ಮಲಗೋವಾಗ ಏನೋ ಹೆಚ್ಚುಕಡಿಮಿ ಆತು. ಅದಕ್ಕಽ ರವಿವಾರ ಸುಭಾಸನ ಜೋಡಿ ಹೋಗಲಿಲ್ಲ. ನಿನ್ನೆನೂ ಹೇಳಿದ್ನೆಲ್ಲ."

ಹೇಳಿದ್ದರು. ಸುಭಾಸನ ಹೆಂಡತಿ ಶೈಲಜಾಳೂ ಅದಕ್ಕೆ ಹೊಂದುವಂತೆಯೇ ಹೇಳಿದ್ದಳು. ಗಂಡ ಮುಂಜಾನೆ ಒಬ್ಬನೇ ಮೋಟಾರ್‌ಸೈಕಲ್ ಹತ್ತಿ ಹೋದದ್ದು, ಯಾರ ಜೊತೆ ಎಂದು ತಾನು ಕೇಳದೇ ಇದ್ದದ್ದು.

"ಹೂಲ್ಯಾಗ ಬಸ್ ನಿಲ್ಲೋ ಕಡೆ ಬಾಯವ್ವ ಅನ್ನಾಕಿದು ಚಾದಂಗಡಿ ಐತ್ರಿ," ಗಂಗಾ ಹೇಳಿದಳು. "ಇವತ್ತ ಮುಂಜಾನೆ ಅಕಿನ್ನ ಮಾತಾಡಿಸಿ ಬಂದೆ. ಹಳೇ ಗುಡಿ ನೋಡಾಕ ಆಗಾಗ ಬರೋ ಮಾಸ್ತರು, ಸಕ್ರಿ ಇಲ್ಲದ ಚಾ ಕುಡಿಯಾವ್ರು ಅಂತ ಅಕಿಗೆ ನಿಮ್ಮ ಗುರ್ತು ಐತಿ. ರವಿವಾರ ಇಬ್ರೂ ಅಕಿ ಅಂಗಡ್ಯಾಗ ಚಾ ಕುಡುದು ಗುಡ್ಡ ಹತ್ತಿದ್ರಿ. ಇಳದು ಬಸ್ ಹತ್ತಿದಾವ್ರು ನೀವೊಬ್ರ. ಅವರ ಗಾಡಿ ಅಲ್ಲೇ ಉಳೀತು."

ರಘೋತ್ತಮ ಎಡಗೈಯಿಂದ ಕಪ್ಪನ್ನು ತುಸು ಪಕ್ಕಕ್ಕೆ ಸರಿಸಿದರು.

ಗಂಗಾ ಸುಮ್ಮನೆ ಕೂತಳು. ಸುಮ್ಮನಿರುವುದು ಅವಳಿಗೆ ರೂಢಿ. ಗಂಡ ಹುಬ್ಬಳ್ಳಿಯಲ್ಲಿ ಬೇರೆ ಸಂಸಾರ ಹೂಡಿದ ಮೇಲೆ, ಕ್ವಾರ್ಟರ್ಸಿನೊಳಗೆ ಅವಳು ಆಡುವ ಮಾತೆಂದರೆ ಹಾಲಿನವನಿಗೆ ಹೇಳುವ ಒಂದೆರಡು ಮಾತು ಅಷ್ಟೇ. ಎದುರಿಗಿದ್ದವರು ಮೌನ ತಾಳಲಾರದೆ ಬಾಯಿ ಬಿಡುವುದನ್ನು ಇದೇ ಕೋಣೆಯಲ್ಲಿ ಬಹಳ ಸಲ ಕಂಡಿದ್ದಳು. ಆದರೆ ಈ ಮನುಷ್ಯ ಮೌನಕ್ಕೆ ಅಂಜುವವರಲ್ಲ. ಅವರೂ ಅದರಲ್ಲೇ ಬದುಕಿ ಬಂದವರು.

ಅವರನ್ನು ಕರೆತರಲು ಬೈಲಹೊಂಗಲಕ್ಕೆ ಹೋಗಿದ್ದ ಹೆಡ್ ಕಾನ್‌ಸ್ಟೇಬಲ್ ಕಲ್ಮೇಶ ಅವರ ಬಾಡಿಗೆ ಖೋಲಿಯ ಸುದ್ದಿ ಹೇಳಿದ್ದ. ಒಂದು ಚಾಪೆ, ಒಂದು ತಾಟು, ಒಂದು ಲೋಟ, ಗೋಡೆ ತುಂಬ ಪುಸ್ತಕ. ಗೂಟಕ್ಕೆ ಇಸ್ತ್ರಿ ಮಾಡಿದ ಅಂಗಿಯೊಂದು. ಅದು ಸರ್ ಅವರ ರವಿವಾರದ ಅಂಗಿ ಎಂದು ಮನೆಯ ಮಾಲಕಿ ಹೇಳಿದ್ದಳಂತೆ.

ರಘೋತ್ತಮರ ಕಣ್ಣು ಮೇಜಿನ ಅಂಚಿನಲ್ಲಿದ್ದ ಊಟದ ಡಬ್ಬಿಯ ಮೇಲೆ ಬಿತ್ತು. ಖಾನಾವಳಿಯಿಂದ ಬಂದದ್ದು, ಗಂಗಾ ಇನ್ನೂ ಅದನ್ನು ತೆರೆದಿರಲಿಲ್ಲ.

"ಒಬ್ಬರ ಊಟದ ಡಬ್ಬಿ," ಎಂದರು. "ನೋಡಿದ್ರ ಗೊತ್ತಾಗ್ತದ. ನನಗೂ ಇಷ್ಟಽ ಬರ್ತದ. ಎರಡು ರೊಟ್ಟಿ, ಒಂದು ಪಲ್ಲೆ, ಮ್ಯಾಲೆ ಒಂದು ಹಿಡಿ ಅನ್ನ."

"ರವಿವಾರ ಸುದ್ದಾ?"

"ರವಿವಾರ ಇಲ್ಲ." ತಟ್ಟನೆ ಬಂದ ಉತ್ತರ. ಆಮೇಲೆ ದನಿ ಇಳಿಸಿದರು. "ರವಿವಾರ ಸುಭಾಸನ ಮನ್ಯಾಗ. ಮುಂಜಾನೆ ಎಲ್ಲೆರೆ ಅಡ್ಡಾಡಿ ಬರೋದು, ಮಧ್ಯಾಹ್ನ ಅಲ್ಲೇ ಊಟ. ಭಾಳ ವರ್ಷದ ಪದ್ಧತಿ."

ಗಂಗಾಳಿಗೆ ಬೇಡವೆಂದರೂ ಒಂದು ರವಿವಾರ ನೆನಪಾಯಿತು. ಸವದತ್ತಿಗೆ ಬಂದ ಹೊಸತರಲ್ಲಿ ಅವಳು ಹೋಳಿಗೆ ಮಾಡಿ, ಯಾರನ್ನು ಕರೆಯಲಿ ಎಂದು ಸಂಜೆಯವರೆಗೂ ಯೋಚಿಸಿದ್ದಳು. ಪೊಲೀಸರ ಮನೆಗೆ ಯಾರೂ ಸುಮ್ಮನೆ ಉಣ್ಣಲು ಬರುವುದಿಲ್ಲ. ಕಡೆಗೆ ಅವನ್ನು ಡಬ್ಬಿಗೆ ತುಂಬಿ ಠಾಣೆಗೇ ತಂದುಬಿಟ್ಟಿದ್ದಳು.

ಅವಳು ಆ ನೆನಪನ್ನು ಬದಿಗೆ ಸರಿಸಿ, ಮೊಬೈಲಿನಲ್ಲಿದ್ದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು.

"ಇದು ಸುಭಾಸ ಅವರ ಬಲಗೈ."

ಮಣಿಕಟ್ಟಿನ ಒಂದು ಬದಿಗೆ ನಾಲ್ಕು ಬೆರಳಿನ ಕಪ್ಪು ಗುರುತು, ಇನ್ನೊಂದು ಬದಿಗೆ ಹೆಬ್ಬೆರಳಿನದು. ರಕ್ತ ಹೆಪ್ಪುಗಟ್ಟಿ ಚರ್ಮ ನೀಲಿಗಟ್ಟಿತ್ತು.

"ಕಲ್ಲು ಬಡದದ್ದಲ್ಲ ಇದು. ಜೀವ ಇದ್ದಾಗ ಯಾರೋ ಗಟ್ಟಿ ಹಿಡದಾರ. ಹಿಡದಾವ್ರ ಭುಜ ಉಳುಕೂವಷ್ಟು ಹೊತ್ತು ಹಿಡದಾರ. ಮುಂಜಾನೆ ನಾ ಆ ಕೊರಕಲಿನ ಮ್ಯಾಲಿನ ಬಂಡಿಗಲ್ಲ ಹತ್ತಿ ನೋಡಿದೆ. ಅಂಚಿನ್ಯಾಗ ಯಾರೋ ಬೋರಲ ಬಿದ್ದು ತೆವಳಿದ್ದು ಕಾಣತೈತಿ. ನಿಮ್ಮ ಗದ್ದದ ಮ್ಯಾಲಿನ ತರಚಿದ ಗಾಯ ಶನಿವಾರ ಮಲಗೋವಾಗ ಆದದ್ದಲ್ಲ ಸರ್."

ರಘೋತ್ತಮ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಹೌದು," ಎಂದರು. "ಹೋಗಿದ್ದೆ. ಅಂವ ಜಾರಿದ. ನಾ ಹಿಡದೆ. ಹಿಡೀಲಿಕ್ಕೆ ಆಗಲಿಲ್ಲ."

"ಮತ್ತ ಮುಚ್ಚಿಟ್ಟದ್ದು ಯಾಕ?"

"ಅಂಜಿಕಿ. ಯಾರು ನಂಬ್ತಾರ ಅಂತ."

ಬಾಗಿಲ ಬಳಿ ಕೂತು ಬರೆದುಕೊಳ್ಳುತ್ತಿದ್ದ ಕಲ್ಮೇಶ ತಲೆಯೆತ್ತಿ ಗಂಗಾಳನ್ನು ನೋಡಿದ. ಅವಳು ಬರೆ ಎನ್ನುವಂತೆ ಸನ್ನೆ ಮಾಡಿದಳು.

"ಹಿಡೀಲಿಕ್ಕೆ ಆಗಲಿಲ್ಲ ಅಂದ್ರ?"

"ಅವನ ಭಾರಕ್ಕ ನಾನೂ ಜಾರ್ಲಿಕ್ಕೆ ಹತ್ತಿದ್ದೆ. ನೋಡ್ರಿ ಮೇಡಂ, ಜೀವ ತನ್ನನ್ನ ತಾನಽ ಉಳಿಸಿಕೊಳ್ತದ. ಅದಕ್ಕ ನಮ್ಮ ವಿಚಾರ ಬೇಕಾಗಿಲ್ಲ. ಕಣ್ಣಿಗೆ ಧೂಳ ಬಂದ್ರ ರೆಪ್ಪಿ ತಾನಽ ಮುಚ್ಚಿಕೊಳ್ತದ, ಬೆಂಕಿ ತಾಗಿದ್ರ ಕೈ ತಾನಽ ಹಿಂದ ಸರೀತದ. ಸಹಜ ಪ್ರವೃತ್ತಿ ಅಂತಾರ ಅದಕ್ಕ. ಅದು ತಪ್ಪಲ್ಲ. ಅದು ಮನುಷ್ಯಾನ ಕೈಯಾಗ ಇರೂದಲ್ಲ."

ಅವರ ದನಿ ಬದಲಾಗಿತ್ತು. ಬೆನ್ನು ನೆಟ್ಟಗಾಗಿತ್ತು. ಅದು ತರಗತಿಯ ದನಿ. ಗಂಗಾಳಿಗೆ ಆ ದನಿಯ ಗುರುತಿತ್ತು. ಅವರು ಕೋಣೆಗೆ ಬಂದಾಗಿನಿಂದ ಅದಕ್ಕೇ ಕಾಯುತ್ತಿದ್ದಳು.

"ಸಹಜ ಪ್ರವೃತ್ತಿ, ತುಡಿತ, ಬಯಕೆ," ಎಂದಳು. "ಮೂರೂ ಬ್ಯಾರೆ ಬ್ಯಾರೆ. ಮೂರನ್ನೂ ಕಲಸಿ ಬರದ್ರ ಮಾರ್ಕ್ಸ್ ಇಲ್ಲ ಅಂತಿದ್ರಿ."

ರಘೋತ್ತಮ ಕನ್ನಡಕ ಹಾಕಿಕೊಂಡು ಅವಳ ಮುಖವನ್ನು ಮೊದಲ ಸಲ ನೋಡುವಂತೆ ನೋಡಿದರು.

"ನೀ ನಮ್ಮ ಕಾಲೇಜಿನಾಕೇನವಾ?"

"ಬಿ.ಎಡ್ ಮಾಡಾಕ ಬಂದಿದ್ದೆ. ಹಿಂದಿನ ಬೆಂಚು. ನಿಮಗ ನೆನಪಿರಾಕಿಲ್ಲ ಬಿಡ್ರಿ."

"ಇಲ್ಲವಾ. ನೆನಪಿಲ್ಲ."

ಅವರು ಅದನ್ನು ನಿಜವಾದ ವಿಷಾದದಿಂದಲೇ ಹೇಳಿದರು. ಗಂಗಾಳಿಗೆ ಯಾಕೋ ಅದು ತಾಗಿತು. ಆ ವರ್ಷ ತನ್ನನ್ನು ಹೆಸರು ಹಿಡಿದು ಕರೆದ ಮಾಸ್ತರು ಇವರೊಬ್ಬರೇ ಎಂಬುದನ್ನು ಅವಳು ಹೇಳಲಿಲ್ಲ.

"ಹುಟ್ಟಿದ ಕೂಸಿನ ಅಂಗೈಯಾಗ ನಮ್ಮ ಕೈಬೊಟ್ಟು ಇಟ್ರ ಅದು ಏನ ಮಾಡತೈತಿ ಅಂತ ಒಂದಿನ ಕೇಳಿದ್ರಿ. ಯಾರೂ ಹೇಳಲಿಲ್ಲ."

"ಹಿಡೀತದ," ಎಂದರು ರಘೋತ್ತಮ, ತಮಗೆ ತಾವೇ ಹೇಳಿಕೊಳ್ಳುವಂತೆ.

"ಹಿಡೀತೈತಿ. ಯಾರ ಬೊಟ್ಟು, ಯಾತಕ್ಕ ಅಂತ ಕೇಳೂದಿಲ್ಲ. ಬಿಡೂದನ್ನ ಕೂಸು ಎಷ್ಟೋ ತಿಂಗಳಾದ ಮ್ಯಾಲ ಕಲೀತೈತಿ. ಹಿಡಿಯೂದು ಹುಟ್ಟಿ ಬರತೈತಿ, ಬಿಡೂದು ಕಲತು ಬರತೈತಿ ಅಂತ ನೀವಽ ಹೇಳಿದ್ರಿ."



"ಅದು ಪಾಠ," ಎಂದರು ರಘೋತ್ತಮ. "ಬಂಡಿ ಮ್ಯಾಲ ಪಾಠ ನಡಿಯೂದಿಲ್ಲ. ಕೈ ಸೋತ್ತು. ಜಾರ್ತು."

"ಪಾಠ ಬಿಡೂಣು. ಚರ್ಮ ನೋಡೂಣು."

ಅವಳು ಇನ್ನೊಂದು ಫೋಟೋ ತೋರಿಸಿದಳು. ಅದೇ ಕೈ, ಈ ಸಲ ಅಂಗೈ ಮತ್ತು ಬೆರಳು.

"ಹಿಡದಾವ್ರ ಕೈ ಸೋತು ಜಾರಿದ್ರ ಮಣಿಕಟ್ಟಿಂದ ಬೊಟ್ಟಿನ ತುದಿ ತನಕಾ ತಿಕ್ಕಿಕೋತ ಹೋಗತೈತಿ. ಅಂಗೈ ಕೆಂಪಾಗತೈತಿ, ಉಗುರಿನ ಗೆರಿ ಬೀಳತಾವು. ಇಲ್ಲಿ ಮಣಿಕಟ್ಟಿನ್ಯಾಗ ಅಷ್ಟ ಗುರ್ತು ಐತಿ. ಅದರ ಕೆಳಗ ಏನೂ ಇಲ್ಲ." ಅವಳು ತಡೆದು ಹೇಳಿದಳು. "ತೋಳು ಏರಸ್ರಿ ಸರ್."

ಎಡಗೈಯಿಂದ ಬಲಗೈಯ ಗುಂಡಿ ಬಿಚ್ಚಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಗಂಗಾ ಸಹಾಯ ಮಾಡಲಿಲ್ಲ. ತೋಳು ಮೇಲೇರಿದಾಗ ಮುಂದೋಳಿನಿಂದ ಅಂಗೈಯ ಹಿಂಬದಿಯವರೆಗೆ ನಾಲ್ಕು ಉದ್ದನೆಯ ಗೆರೆಗಳು ಕಂಡವು. ಒಣಗಿ ಕಪ್ಪಾಗಿದ್ದವು.

"ಇವು ಸುಭಾಸ ಅವರ ಉಗುರು," ಎಂದಳು. "ಕೊನೀತನಕಾ ಹಿಡಕೊಂಡು ಜಾರಿದ್ದು ಅವರ ಕೈ. ನಿಮ್ಮ ಕೈ ಜಾರಿಲ್ಲ. ಬಿಚ್ಚೇತಿ."

ರಘೋತ್ತಮ ತಮ್ಮದೇ ತೋಳನ್ನು ಯಾರದೋ ತೋಳೆಂಬಂತೆ ನೋಡುತ್ತ ಕೂತರು.

ಗಂಗಾಳಿಗೆ ಮುಂದಿನ ಹೆಜ್ಜೆ ಗೊತ್ತಿತ್ತು. ಜಾರಿ ಬೀಳುವವನನ್ನು ಯಾರೂ ಹಿಡಿಯದಿದ್ದರೆ ಅದು ಪಾಪವಿರಬಹುದು, ಗುನ್ನೆಯಲ್ಲ. ಹಿಡಿದು ಬಿಟ್ಟರೆ, ಯಾಕೆ ಬಿಟ್ಟರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಜೀವ ಉಳಿಸಿಕೊಳ್ಳಲು ಬಿಟ್ಟರೆ ಒಂದು ತೂಕ, ಸಿಟ್ಟಿನ ಭರದಲ್ಲಿ ಬಿಟ್ಟರೆ ಇನ್ನೊಂದು, ಬೇಕೆಂದೇ ಬಿಟ್ಟರೆ ಮತ್ತೊಂದು. ಬಿಡುವುದು ಹುಟ್ಟಿ ಬರುವುದಲ್ಲ ಎಂಬ ಅವರ ಪಾಠವೇ ಮೊದಲನೆಯ ಬಾಗಿಲನ್ನು ಮುಚ್ಚಿತ್ತು. ಎರಡನೆಯದನ್ನು ಅವಳೇ ತೆರೆದುಕೊಟ್ಟಳು. ತಾನು ಹಾಗೆ ಮಾಡಬಾರದೆಂದು ತಿಳಿದೂ ತೆರೆದುಕೊಟ್ಟಳು.

"ಜಗಳ ಆಗಿತ್ತೇನ್ರಿ? ಸಿಟ್ಟಿನ್ಯಾಗ ಆಗಿದ್ರ ಹಂಗಂತ ಹೇಳ್ರಿ. ಕೋರ್ಟಿನ್ಯಾಗ ಅದಕ್ಕ ಬ್ಯಾರೆ ತೂಕ ಐತಿ."

"ಸಿಟ್ಟು ಬಂದಿತ್ತು," ಎಂದರು ಅವರು. "ಹೋಗಿತ್ತು ಸುದ್ದಾ."

"ಏನ ಅಂದಿದ್ರು ಅವರು?"

"ಮಗಳ ಲಗ್ನ ಕಿತ್ತೂರ ಕಡೆ ಗೊತ್ತಾಗ್ಯಾದ. ಬೀಗರು ಕೇಳಿದ್ರಂತ, ಪ್ರತಿ ರವಿವಾರ ನಿಮ್ಮ ಅಡಗಿಮನ್ಯಾಗ ಬಂದು ಕೂಡೋ ಮನುಷ್ಯಾ ಯಾರು ಅಂತ. ಶೈಲಜಾ ವೈನಿ ಹೆಸರಿಗೆ ಏನೇನೋ ಮಾತು ಜೋಡಿಸಿದ್ರಂತ. ಸುಭಾಸ ನನ್ನ ಮುಖಾ ನೋಡಲಿಲ್ಲ. 'ರಘೂ, ಸ್ವಲ್ಪ ದಿನ ರವಿವಾರ ಬರಬ್ಯಾಡೋ' ಅಂದ. ಸ್ವಲ್ಪ ದಿನ ಅಂದ ಖರೆ. ದನಿಯೊಳಗ ಸ್ವಲ್ಪ ಇರಲಿಲ್ಲ."

ಹೊರಗೆ ಟೆಂಪೋ ಹೊರಟುಹೋಯಿತು. ಕೂಗು ನಿಂತು ರಸ್ತೆ ಬಿಕೋ ಎಂದಿತು.

"ಅಲ್ಲೇ ಒಂದು ಕಲ್ಲು ಬಿದ್ದಿತ್ತು. ತಗೊಂಡು ಅವನ ತಲಿ ಮ್ಯಾಲ ಹಾಕಲೇನು ಅನ್ನಿಸ್ತು. ಮೈಯೆಲ್ಲಾ ಬಿಸಿ ಆಗಿತ್ತು. ಎತ್ತಿದೆ ಸುದ್ದಾ. ಎತ್ತಿ ಕೆಳಗ ಕಣಿವಿಗೆ ಒಗದೆ. ಅದು ತುಡಿತ. ಕಲ್ಲ ಬಿದ್ದ ಸಪ್ಪಳದ ಜೋಡಿ ಮುಗದುಹೋತು. ಸುಭಾಸ ಅದನ್ನ ನೋಡಿ ನಕ್ಕ. ನಾನೂ ನಕ್ಕೆ. 'ನಡಿಯಪಾ, ಹಸಿವಾಗೇತಿ' ಅಂತ ಅಂವ ಎದ್ದ. ಎದ್ದಾವನ ಕಾಲ ಕೆಳಗಿನ ಮಣ್ಣಿನ ಹೆಂಟಿ ಸರೀತು."

"ನೀವು ಹಿಡದ್ರಿ."

"ಹಿಡದ ಮ್ಯಾಲಽ ನನಗ ಗೊತ್ತಾತು, ಹಿಡದೀನಿ ಅಂತ." ಅವರು ಬಲಗೈಯ ಬೆರಳುಗಳನ್ನು ಮಡಚಲು ನೋಡಿದರು. ಪೂರ್ತಿ ಮಡಚಲಾಗಲಿಲ್ಲ. "ನೀ ಹೇಳಿದ್ದು ಖರೆ ಅದ. ಕೂಸಿನ ಕೈ ಅದು. ಏನೂ ಕೇಳಲಿಲ್ಲ, ಹಿಡೀತು. ಎಡಗೈಗೆ ಒಂದು ಬೇರು ಸಿಕ್ಕಿತ್ತು. ನಾ ಬೀಳ್ತಿರಲಿಲ್ಲ. ಅವನ ಕಾಲಿಗೂ ಬಂಡಿ ಸಂದು ಸಿಗೋದರಾಗಿತ್ತು. ಎಳೀಬಹುದಿತ್ತು."

"ಎಳೀಬಹುದಿತ್ತು?"

"ಎಳೀಬಹುದಿತ್ತವಾ."

ಕಲ್ಮೇಶನ ಪೆನ್ನು ನಿಂತಿತು.  ಈಗ ಗಂಗಾ ಕೇಳದಿದ್ದರೂ ಅವರು ಹೇಳುತ್ತಾರೆ. ಹೇಳಲು ಒಬ್ಬರು ಬೇಕಾಗಿದ್ದು ಇಂದು ನಿನ್ನೆಯದಲ್ಲ ಎಂಬುದು ಅವರ ಮುಖದಲ್ಲೇ ಇತ್ತು.

"ಅಷ್ಟರಾಗ ಮುಂದಿನ ರವಿವಾರ ನೆನಪಾತು," ಎಂದರು ರಘೋತ್ತಮ.

ಅವರೇ ಮುಂದುವರಿಸಿದರು. "ಹಸಿವಿ ಅನ್ನೂದು ತುಡಿತ. ಯಾವ ಖಾನಾವಳ್ಯಾಗ ಉಂಡ್ರೂ ತೀರ್ತದ. ಆ ಮನ್ಯಾಗಽ ಉಣಬೇಕು, ಆ ಅಡಗಿಮನಿ ಕಿಡಕಿ ಹತ್ರಽ ಕೂತು ಉಣಬೇಕು ಅನ್ನೂದು ಹಸಿವಿ ಅಲ್ಲ. ಅದು ಉಂಡ್ರೂ ತೀರೂದಿಲ್ಲ. ಸೋಮವಾರ ಮುಂಜಾನಿಂದ ಮತ್ತ ಸುರು ಆಗ್ತದ. ಅವನ ಕೈ ಹಿಡಕೊಂಡಽ ಇಷ್ಟು ವಿಚಾರ ಮಾಡಿದೆ. ಎಳಕೊಂಡ್ರ ಅಂವ ಮನಿಗೆ ಹೋಗ್ತಾನ, ನಾ ಖೋಲಿಗೆ ಹೋಗ್ತೀನಿ. ಎಳಕೊಳ್ಳದಿದ್ರ ಆ ಮನಿಗೆ ಒಬ್ಬ ಹಿರೀ ಮನುಷ್ಯಾ ಬೇಕಾಗ್ತದ. ಲಗ್ನದ ಮನಿ. ಹೋಗಿ ಬಂದು ಮಾಡಾವ್ರು ಬೇಕು. ಆಗ ಯಾರೂ ನನಗ ಬರಬ್ಯಾಡ ಅನ್ನೂದಿಲ್ಲ."

"ಶೈಲಜಾ ಅಕ್ಕಾರ ಮ್ಯಾಲ ಮನಸಿತ್ತೇನ್ರಿ ನಿಮಗ?"

ಅವರು ತಲೆಯಾಡಿಸಲಿಲ್ಲ. ಪ್ರಶ್ನೆಯನ್ನು ಪರೀಕ್ಷೆಯ ಪ್ರಶ್ನೆಯಂತೆ ತೂಗಿ ನೋಡಿದರು.

"ಅಷ್ಟು ಧೈರ್ಯದ ಬಯಕಿ ನನಗ ಎಂದೂ ಇರಲಿಲ್ಲ. ತಾಟು ಹಾಕೋವಾಗ ಅವರು ನನಗೂ ಒಂದು ಹಾಕ್ತಿದ್ರು. ಬರ್ತೀರೇನು, ಉಣ್ತೀರೇನು ಅಂತ ಕೇಳದಽ ಹಾಕ್ತಿದ್ರು. ಅಷ್ಟಽ ಬೇಕಾಗಿತ್ತು."

"ಬಿಡೋ ಹೊತ್ತಿನ್ಯಾಗ ಸುಭಾಸ ಅವರು ಏನರೆ ಅಂದ್ರೇನು?"

"ಏನೂ ಅನ್ನಲಿಲ್ಲ. ನನ್ನ ಮುಖಾ ನೋಡಿದ. ನಾ ವಿಚಾರ ಮಾಡ್ಲಿಕ್ಕೆ ಹತ್ತೀನಿ ಅನ್ನೂದು ಅವಂಗ ತಿಳೀತು. ಆಗಽ ಉಗುರು ಹಾಕಿದ."

ಗಂಗಾಳಿಗೆ ಒಂದು ಕ್ಷಣ ಕೋಣೆಯಿಂದ ಎದ್ದು ಹೋಗಬೇಕೆನ್ನಿಸಿತು. ಅವಳು ಏಳಲಿಲ್ಲ.

"ಹಿಡದದ್ದು ನಿಮ್ಮ ಕೈ," ಎಂದಳು. "ಬಿಟ್ಟದ್ದು ನೀವು."

"ಹೌದು. ಹಂಗಽ ಬರಕೋರಿ."

"ಕೆಳಗ ಇಳದು ನೋಡಲಿಲ್ಲೇನು?"

"ಸಪ್ಪಳ ಕೇಳಿದೆ. ಹೊಳ್ಳಿ ನೋಡಲಿಲ್ಲ. ಬಸ್ ಹತ್ತಿ ಖೋಲಿಗೆ ಬಂದು ಬಾಗಿಲ ಹಾಕ್ಕೊಂಡೆ. ಹೆಣ ಸಿಕ್ಕ ಸುದ್ದಿ ಬಂದ ಮ್ಯಾಲ ಊರಿಗೆ ಊರಽ ಆ ಮನಿಗೆ ಹೋಗಿ ಬಂತು. ನನ್ನ ಕಾಲು ಮಾತ್ರ ಓಣಿ ತಿರುವಿನ್ಯಾಗ ನಿಂತುಬಿಟ್ಟವು. ಯಾ ಮನಿ ಸಲುವಾಗಿ ಬಿಟ್ಟೆನೋ, ಆ ಮನಿ ಹೊಸ್ತಿಲಾ ದಾಟಲಿಕ್ಕೆ ಆಗಲಿಲ್ಲ ನನಗ."

"ಇದನ್ನ ಯಾರ ಮುಂದರೆ ಹೇಳೀರೇನು? ಇಲ್ಲೇ, ನಿಮ್ಮ ಹುಟ್ಟೂರು ರಾಮದುರ್ಗದಾಗಿನ ಮಂದಿಗೆ, ಯಾರಿಗರೆ?"

"ರಾಮದುರ್ಗದಾಗ ಈಗ ನಮ್ಮವರು ಅನ್ನಾವ್ರು ಯಾರೂ ಇಲ್ಲ." ಅವರು ನಗಲು ನೋಡಿದರು. "ನನ್ನ ಮಾತು ಹೇಳ್ಕೊಳ್ಳಿಕ್ಕೆ ಇದ್ದಾವ ಅಂವ ಒಬ್ಬನಽ ಆಗಿದ್ದ."

ಮೇಜಿನ ಮೇಲಿನ ಮೊಬೈಲು ನಡುಗಿತು. ಶವಪರೀಕ್ಷೆ ಮಾಡಿದ ಡಾಕ್ಟರ್ ಸುನೀಲ. ಗಂಗಾ ಫೋನು ಹಿಡಿದು ಕಿಟಕಿಯ ಬಳಿ ಹೋದಳು. ಅದು ಹಿಂದಿನ ಗೋಡೆಯ ಕಿಟಕಿ. ಹೊರಗೆ ಜಪ್ತಿ ಮಾಡಿದ ತುಕ್ಕು ಹಿಡಿದ ಮೋಟಾರ್‌ಸೈಕಲ್‌ಗಳ ಸಾಲು ಬಿಟ್ಟರೆ ಯಾರೂ ಇರಲಿಲ್ಲ.

"ಮೇಡಂ, ಬಿದ್ದ ಕೂಡ್ಲೆ ಹೋಗಿಲ್ಲ ಅವರು," ಎಂದ ಡಾಕ್ಟರ್. "ತೊಡಿ ಎಲುಬು ಮುರದೈತಿ, ಸೊಂಟ ಮುರದೈತಿ. ಒಳಗ ರಕ್ತ ಸೋರೇತಿ, ಆದ್ರ ನಿಧಾನ. ಬಿದ್ದದ್ದು ಮುಂಜಾನೆ ಅಂತ ಹಿಡದ್ರ, ಸಂಜಿ ತನಕಾ ಆದ್ರೂ ಜೀವ ಇತ್ತು."

"ಎಚ್ಚರ ಇತ್ತೇನ್ರಿ?"

"ಇತ್ತು ಅನ್ನಬೇಕು. ಯಾಕಂದ್ರ ಹೊಟ್ಯಾಗ ಮೊಸರನ್ನ ಐತಿ. ಕರಗೇ ಇಲ್ಲ. ಜೀವ ಹೋಗೂ ಸ್ವಲ್ಪ ಮೊದಲು ಉಂಡದ್ದು. ಹಣಿ ಮ್ಯಾಲಿನ ಗಾಯಾನೂ ಯಾರೋ ತೊಳದಾರ್ರಿ. ಮೈಯೆಲ್ಲಾ ಮಣ್ಣು, ಮುಖ ಒಂದು ಸ್ವಚ್ಛ."

"ಅಂದ್ರ..."

"ಅಂದ್ರ ಅವರ ಹತ್ರ ಯಾರೋ ಕುಂತಿದ್ರು ಮೇಡಂ. ಅವಸರಾ ಇಲ್ಲದ ಕುಂತಿದ್ರು. ಆ ಹೊತ್ತಿನ್ಯಾಗ ಆಸ್ಪತ್ರಿಗೆ ತಂದಿದ್ರ ಉಳಿತಿದ್ರೋ ಏನೋ."

ಗಂಗಾ ಫೋನು ಇಟ್ಟು ತಿರುಗಿ ನಿಂತಳು. ತನ್ನ ಲೆಕ್ಕಾಚಾರವೆಲ್ಲ ಬಂಡೆಯ ಮೇಲೇ ಮುಗಿದಿತ್ತು. ಬಂಡೆಯ ಬುಡದಲ್ಲಿ ಒಂದು ಇಡೀ ಮಧ್ಯಾಹ್ನ ಬಾಕಿಯಿತ್ತು.

"ಗುಡ್ಡಕ್ಕ ಬುತ್ತಿ ಕಟಗೊಂಡು ಹೋಗಿದ್ರೇನ್ರಿ ನೀವು?"

"ಬುತ್ತಿ?" ರಘೋತ್ತಮರಿಗೆ ಅರ್ಥವಾಗಲಿಲ್ಲ. "ಇಲ್ಲ. ಮಧ್ಯಾಹ್ನ ಮನಿಗೆ ಹೋಗಿ ಉಣೋದಿತ್ತಲ್ಲ. ಬರೇ ಚಹಾ ಕುಡದಿದ್ವಿ."

ಅವಳು ಹೇಳಿದಳು. ಡಾಕ್ಟರ್ ಅಂದದ್ದನ್ನೆಲ್ಲ ಮುಚ್ಚಿಡದೆ, ಮೆತ್ತಗೆ ಮಾಡದೆ ಹೇಳಿದಳು. ಹೇಳುವಾಗ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ಅದು ಅವಳ ಕೆಲಸ. ಆ ಮುಖದಲ್ಲಿ ಸುಳ್ಳಿರಲಿಲ್ಲ.

"ಜೀವ ಇತ್ತೇನವಾ?"

"ಸಂಜಿ ತನಕಾ."

"ನಾ ಹೊಳ್ಳಿ ನೋಡಿದ್ರ..."  ಅವರು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡರು.  ಕಲ್ಮೇಶ ಎದ್ದು ನೀರಿನ ಲೋಟವನ್ನು ಅವರ ಮುಂದಿಟ್ಟು ದೂರ ಸರಿದು ನಿಂತ.

ರಘೋತ್ತಮ ಲೋಟವನ್ನು ಮುಟ್ಟಲಿಲ್ಲ.

"ಅವನ ಹತ್ರ ಯಾರೋ ಇದ್ರು ಅಂದೆಲ್ಲ. ಒಬ್ಬನಽ ಹೋಗಲಿಲ್ಲ ಅಂದಂಗಾತು."

ಅದನ್ನು ಅವರು ಸಮಾಧಾನದಂತೆ ಹೇಳಿದರು. ಗಂಗಾಳಿಗೆ ಅದು ಸಮಾಧಾನವಾಗಿ ಕೇಳಲಿಲ್ಲ. ಸಾಯುವವನ ಮುಖ ತೊಳೆದು, ಅನ್ನ ಕಲಸಿ ಬಾಯಿಗಿಟ್ಟು, ಒಬ್ಬರನ್ನೂ ಕೂಗಿ ಕರೆಯದೆ ಕೂತವರು ಯಾರು? ಎಂಥ ಪ್ರೀತಿ ಅದು, ಅಥವಾ ಪ್ರೀತಿಯೇ ಹೌದೋ? ಸುಭಾಸನ ಮೊಬೈಲು ಇನ್ನೂ ಸಿಕ್ಕಿರಲಿಲ್ಲ. ಅದರಿಂದ ಹೋದ ಕರೆಗಳ ವಿವರವನ್ನು ಬೆಳಗಾವಿಗೆ ಬರೆದು ಕೇಳಿದ್ದರು, ಅದೂ ಬಂದಿರಲಿಲ್ಲ.

ಮಹಿಳಾ ಪೇದೆಯೊಬ್ಬಳು ಬಾಗಿಲು ತಟ್ಟಿ ಇಣುಕಿದಳು. "ಮೇಡಂ, ಸುಭಾಸ ಅವರ ಮನ್ಯಾಗಿನವ್ರು ಬಂದಾರ. ಈಗಽ ಬಸ್ ಇಳದು ಬಂದ್ರು. ಒಳಗ ಬರ್ರಿ ಅಂದ್ರ ಬರವಲ್ರು."

ಗಂಗಾ ಹೊರಗೆ ಬಂದಳು. ಅಂಗಳದ ಆಚೆ ತುದಿಯಲ್ಲಿ, ಗೇಟಿನ ಪಕ್ಕದ ಬೇವಿನ ಮರದ ಕಟ್ಟೆಯ ಮೇಲೆ ಶೈಲಜಾ ಕೂತಿದ್ದಳು. ಹಣೆಯ ಮೇಲೆ ವಿಭೂತಿ, ತಲೆಯ ಮೇಲೆ ಸೆರಗು. ಪಕ್ಕದಲ್ಲಿ ಯಾರೂ ಇರಲಿಲ್ಲ. ಗಂಡನ ತಿಥಿ ಇನ್ನೂ ಆಗಿರದ ಹೆಂಗಸು, ನೆಂಟರು ತುಂಬಿದ ಮನೆಯಿಂದ ಒಬ್ಬಳೇ ಬಸ್ ಹತ್ತಿ ಬಂದಿದ್ದಳು.

ಗಂಗಾ ಹೋಗಿ ಅದೇ ಕಟ್ಟೆಯ ಮೇಲೆ, ತುಸು ಅಂತರ ಬಿಟ್ಟು ಕೂತಳು.

"ಯಾಕ್ರಿ ಅಕ್ಕಾರ, ಈ ಬಿಸಲಾಗ?"

"ರಘು ಸರ್‌ನ ಕರಕೊಂಡು ಬಂದೀರಿ ಅಂತ ಓಣ್ಯಾಗ ಮಾತಾಡಾಕತ್ತಿದ್ರು." ಶೈಲಜಾಳ ದನಿ ಒಣಗಿತ್ತು. "ಮುಂಜಾನಿಂದ ಉಂಡಿರಾಕಿಲ್ಲ ಅವರು. ಹಸದ್ರೂ ಬಾಯಿ ಬಿಟ್ಟು ಕೇಳೂ ಪೈಕಿ ಅಲ್ಲ."

"ಕೊಡಿಸೋಣು ಬಿಡ್ರಿ."

ಶೈಲಜಾ ತಲೆಯಾಡಿಸಿದಳು. ಅಂಗಳದಾಚೆಯ ಬಾಗಿಲನ್ನೇ ನೋಡುತ್ತಿದ್ದಳು.

"ಅವರಿಗೆ ಭಾಳ ಶಿಕ್ಷಾ ಆಗತೈತೇನ್ರಿ ಮೇಡಂ?"

"ಯಾತಕ್ಕ?"

"ಕೈ ಬಿಟ್ಟದ್ದಕ್ಕ."

ಆ ಮಾತು ಒಳಕೋಣೆಯಲ್ಲಿ ಹುಟ್ಟಿ ಇನ್ನೂ ಬಾಗಿಲು ದಾಟಿರಲಿಲ್ಲ. ಕಲ್ಮೇಶ ಇನ್ನೂ ಒಳಗೇ ಇದ್ದ. ಅದಕ್ಕೆ ಮೊದಲು ಕೈ ಬಿಟ್ಟ ಸಂಗತಿ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಬಿಟ್ಟವರು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಇನ್ನೊಬ್ಬ ಬಂಡೆಯ ಬುಡದಲ್ಲಿ ಸಂಜೆಯವರೆಗೆ ಉಸಿರು ಹಿಡಿದುಕೊಂಡಿದ್ದ, ಅವನ ಬಳಿ ಮೊಬೈಲೂ ಇತ್ತು.

ಗಂಗಾ ಮೆಲ್ಲಗೆ ಕೇಳಿದಳು. "ಸುಭಾಸ ಅವರು ಇದನ್ನ ನಿಮಗ ಯಾವಾಗ ಹೇಳಿದ್ರು?"

ಶೈಲಜಾ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಪ್ರಶ್ನೆಗೆ ಬೆಚ್ಚಲಿಲ್ಲ. ಇದನ್ನು ಕೇಳುವವರಿಗಾಗಿಯೇ ಬಸ್ ಹತ್ತಿ ಬಂದವಳಂತೆ ಕಂಡಳು.

"ಮೊಸರನ್ನ ಉಣಿಸೂ ಹೊತ್ತಿನ್ಯಾಗ್ರಿ," ಎಂದಳು.